ಐದು ದಿನದ ಚೀಟಿ, ನಾಲ್ಕು ವರ್ಷದ ಗುಳಿಗೆ: ಆರೋಗ್ಯ ಸಚಿವರಿಗೆ ಮೆಡಿಕಲ್ ಅಂಗಡಿಯವನ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಇಪ್ಪತ್ತಮೂರು ವರ್ಷದಿಂದ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವವನು. ಓದಿದ್ದು ಡಿ.ಫಾರ್ಮಾ. ಊರಿನವರು ನನ್ನನ್ನೂ ‘ಡಾಕ್ಟ್ರ’ ಎಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಈ ಪತ್ರದಲ್ಲಿ ಬರುವ ತಪ್ಪುಗಳಲ್ಲಿ ಮೊದಲನೆಯದು ಅದೇ ಇರಬೇಕು.

ನಮ್ಮ ಕೌಂಟರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದಿರುವ ಸಾಮಾನು ಕತ್ತರಿ. ಅಜಿಥ್ರೊಮೈಸಿನ್ 500 ಎಂಬ ಆ್ಯಂಟಿಬಯೋಟಿಕ್ ಮೂರು ಗುಳಿಗೆಯ ಪಟ್ಟಿಯಲ್ಲಿ ಬರುತ್ತದೆ. ಗಿರಾಕಿ ಒಂದು ಕೇಳುತ್ತಾನೆ. ನಾನು ಕತ್ತರಿಸುತ್ತೇನೆ. ಪಟ್ಟಿಯ ಬದಿಗೆ ಉದ್ದಕ್ಕೂ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ನುಂಗಬೇಡಿ ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಕತ್ತರಿ ಆಡಿದಾಗ ಗೆರೆ ಒಂದು ತುಂಡಿನಲ್ಲಿ, ಔಷಧದ ಹೆಸರು ಇನ್ನೊಂದರಲ್ಲಿ, ಅವಧಿ ಮುಗಿಯುವ ದಿನಾಂಕ ಮತ್ತೊಂದರಲ್ಲಿ ಹೋಗಿ ಕೂರುತ್ತದೆ. ಗಿರಾಕಿಯ ಕೈಗೆ ಹೋಗುವುದು ಬೆಳ್ಳಿ ಬಣ್ಣದ ಒಂದು ಚೌಕ, ಅಷ್ಟೆ.

ಅದಕ್ಕಿಂತ ಹೆಚ್ಚು ಹೋಗುವುದು ‘ಕಟ್ಟಿಕೊಡುವ’ ಮಾಲು. “ನೆಗಡಿ, ಕೆಮ್ಮು, ಮೈಕೈ ನೋವು, ಎಲ್ಲಾಕ್ಕೂ ಸೇರಿಸಿ ಎರಡ್ ದಿನದ್ದು ಕಟ್ಟಿಕೊಡ್ರಿ” ಎನ್ನುತ್ತಾರೆ. ಕಾಗದದ ಪೊಟ್ಟಣದೊಳಗೆ ಒಂದು ಪ್ಯಾರಾಸಿಟಮಾಲ್, ಒಂದು ಸೆಟ್ರಿಜಿನ್, ಒಂದು ಆ್ಯಂಟಿಬಯೋಟಿಕ್, ಹೊಟ್ಟೆ ಉರಿಯದಂತೆ ಒಂದು ಗ್ಯಾಸಿನ ಗುಳಿಗೆ, ಜೊತೆಗೆ ಒಂದು ಸಣ್ಣ ಬಿಳಿ ಗುಳಿಗೆ. ಆ ಸಣ್ಣದರ ಹೆಸರು ಡೆಕ್ಸಾಮೆಥಾಸೋನ್, ಅರ್ಧ ಮಿಲಿಗ್ರಾಂ. ಸ್ಟೀರಾಯ್ಡ್. ಬೆಲೆ ಪೈಸೆಗಳ ಲೆಕ್ಕ. ನುಂಗಿದ ಕೆಲವೇ ತಾಸಿನಲ್ಲಿ ಮೈನೋವು ಇಳಿಯುತ್ತದೆ, ಹಸಿವಾಗುತ್ತದೆ, ಎದೆ ಹಗುರಾಗುತ್ತದೆ, ಮನಸ್ಸಿಗೂ ಒಂಥರಾ ಉಲ್ಲಾಸ. ನೆಗಡಿಯ ವೈರಸ್ಸಿಗೆ ಅದು ಏನೂ ಮಾಡಿರುವುದಿಲ್ಲ. ಅದರ ವಿರುದ್ಧ ಎದ್ದು ನಿಂತ ನಮ್ಮ ಮೈಯನ್ನು ಸುಮ್ಮನಾಗಿಸಿರುತ್ತದೆ. ಮರುದಿನ ಗಿರಾಕಿ ಬಂದು “ನಿಮ್ಮ ಗುಳಿಗಿ ನಮಗ ಹತ್ತತೈತ್ರಿ” ಎನ್ನುತ್ತಾನೆ. ನಮ್ಮ ಕಡೆ ಓದದೆ ಡಾಕ್ಟರಾದ ಕೆಲವರಿಗೆ ‘ಕೈಗುಣ ಭಾಳ ಚಲೋ ಐತಿ’ ಎಂಬ ಹೆಸರಿದೆ. ಇಷ್ಟು ವರ್ಷ ಅಂಥವರ ಚೀಟಿ ನೋಡಿದವನು ಹೇಳುತ್ತೇನೆ: ಆ ಕೈಗುಣದಲ್ಲಿ ಮುಕ್ಕಾಲು ಪಾಲು ಡೆಕ್ಸಾಮೆಥಾಸೋನ್ ಇಂಜೆಕ್ಷನ್ನೇ.

ಒಬ್ಬ ಅಕ್ಕನ ಕತೆ ಹೇಳಬೇಕು. ಹೆಸರು ಬೇಡ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಅವರದು. ಸುಗ್ಗಿಯಲ್ಲಿ ನಮ್ಮೂರ ಗೋದಾಮಿನ ಮುಂದೆ ಹಾದು ಹೋದರೇ ಕಣ್ಣು ಮೂಗು ಸುರಿಯುತ್ತದೆ. ಅವರು ಬೆಳಗಿನಿಂದ ಸಂಜೆವರೆಗೆ ಆ ರಾಶಿಯ ಮುಂದೆ ಕುಳಿತವರು. ಮನೆಗೆ ಹೋದರೆ ಸೌದೆ ಒಲೆ. ದಮ್ಮು ಹತ್ತಿ ತಾಲ್ಲೂಕಿನ ಒಬ್ಬ ಡಾಕ್ಟರ ಹತ್ತಿರ ಹೋದರು. ಅವರು ಸರಿಯಾಗಿಯೇ ಬರೆದಿದ್ದರು: ಒಂದು ಇನ್‌ಹೇಲರ್, ಐದು ದಿನಕ್ಕೆ ಸ್ಟೀರಾಯ್ಡ್ ಗುಳಿಗೆ. ಇನ್‌ಹೇಲರಿಗೆ ನಾನೂರರ ಹತ್ತಿರ ಆಗುತ್ತಿತ್ತು. ಅಕ್ಕ ಸೆರಗಿನ ಗಂಟು ಬಿಚ್ಚಿ ಎಣಿಸಿ ನೋಡಿ, “ಅದು ಮುಂದಿನ ವಾರ ತಗೋತೀನ್ರಿ, ಗುಳಿಗಿ ಅಷ್ಟ ಕೊಡ್ರಿ” ಎಂದರು. ಕೊಟ್ಟೆ.

ಐದು ದಿನಕ್ಕೆ ಬರೆದ ಆ ಚೀಟಿ ನಾಲ್ಕು ವರ್ಷ ನಡೆಯಿತು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ತರುತ್ತಿದ್ದರು. ಆಮೇಲೆ ಚೀಟಿಯೂ ಬೇಕಾಗಲಿಲ್ಲ, ಖಾಲಿ ಪಟ್ಟಿ ತೋರಿಸಿದರೆ ಸಾಕಿತ್ತು. ದಿನಕ್ಕೆ ಮೂರು. “ಅಣ್ಣಾರ, ಆ ಸಣ್ಣ ಗುಳಿಗಿ ಇಲ್ಲಂದ್ರ ರಾಶಿ ಮುಂದ ಕುಂಡ್ರಾಕ ಆಗೂದಿಲ್ರಿ” ಎನ್ನುತ್ತಿದ್ದರು. ಎರಡನೇ ವರ್ಷಕ್ಕೆ ಮುಖ ದುಂಡಗಾಯಿತು. ಓಣಿಯವರು ‘ಮಾರಿ ತುಂಬ್ಕೊಂಡು ಮೈ ಹಿಡದಾಳ’ ಎಂದು ಸಂತೋಷಪಟ್ಟರು; ದುಡಿದು ಉಂಡು ಸುಖವಾಗಿದ್ದಾಳೆ ಎಂದುಕೊಂಡರು. ನನಗೆ ಮಾತ್ರ ಅದು ಏನೆಂದು ಗೊತ್ತಿತ್ತು. ಪುಸ್ತಕದಲ್ಲಿ ಚಿತ್ರ ಸಮೇತ ಓದಿದ್ದೆ: ಚಂದ್ರನಂಥ ಮುಖ, ಬೆನ್ನ ಮೇಲೆ ಕೊಬ್ಬಿನ ಗಡ್ಡೆ, ಸಣಕಲಾಗುವ ಕೈಕಾಲು, ಮುಟ್ಟಿದರೆ ನೀಲಿಗಟ್ಟುವ ತೆಳ್ಳನೆ ಚರ್ಮ. ಚಿಲ್ಲರೆ ಎಣಿಸಿ ಕೊಡುವಾಗ ಅವರ ಮುಂಗೈ ಮೇಲಿನ ಆ ನೀಲಿ ಕಲೆಗಳು ನನ್ನ ಕಣ್ಣಿಗೆ ನೇರ ಬೀಳುತ್ತಿದ್ದವು.

ಒಂದು ಸಲ ಮಗಳ ಊರಿನ ಜಾತ್ರೆಗೆ ಹೋದವರು ಗುಳಿಗೆ ಮನೆಯಲ್ಲೇ ಮರೆತರು. ಮೂರನೇ ದಿನ ವಾಂತಿ, ನಿತ್ರಾಣ, ಬಿಪಿ ಪಾತಾಳಕ್ಕೆ. ಆಸ್ಪತ್ರೆಗೆ ಸೇರಿಸಿದರು. ಸೀರೆ ಗಂಟಿನಲ್ಲಿ ನನ್ನ ಅಂಗಡಿಯ ಹೆಸರಿದ್ದ ಖಾಲಿ ಪೊಟ್ಟಣ ಸಿಕ್ಕಿ, ಅಲ್ಲಿನ ಯುವ ಡಾಕ್ಟರು ಅದರ ಮೇಲಿನ ನಂಬರಿಗೆ ಫೋನ್ ಮಾಡಿದರು. ಏನು ಕೊಡುತ್ತಿದ್ದೀರಿ, ಎಷ್ಟು ದಿನದಿಂದ ಎಂದು ಕೇಳಿದರು. ಹೇಳಿದೆ. ‘ಯಾವ ಚೀಟಿ ಮೇಲೆ?’ ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಥ್ಯಾಂಕ್ಸ್ ಹೇಳಿ ಇಟ್ಟುಬಿಟ್ಟರು.

ಆದದ್ದು ಇಷ್ಟು. ಮೂತ್ರಪಿಂಡದ ಮೇಲೆ ಟೊಪ್ಪಿಗೆ ಇಟ್ಟಂತೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ನಮಗೆ ಬೇಕಾದಷ್ಟು ಸ್ಟೀರಾಯ್ಡನ್ನು ತಾನೇ ತಯಾರಿಸುತ್ತದೆ. ಅರ್ಧ ಮಿಲಿಗ್ರಾಮಿನ ಮೂರು ಡೆಕ್ಸಾಮೆಥಾಸೋನ್ ಅಂದರೆ ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟೀರಾಯ್ಡಿನ ಹತ್ತು ಮಿಲಿಗ್ರಾಮಿಗೆ ಸಮ. ಮೈ ತಾನಾಗಿ ಮಾಡಿಕೊಳ್ಳುವುದಕ್ಕಿಂತ ಹೆಚ್ಚು. ಹೊರಗಿನಿಂದ ಪುಕ್ಕಟೆ ಬರುವಾಗ ಗ್ರಂಥಿ ಕೆಲಸ ನಿಲ್ಲಿಸಿ ಮಲಗುತ್ತದೆ. ಒಮ್ಮೆಲೇ ಗುಳಿಗೆ ನಿಂತರೆ ಅದಕ್ಕೆ ಎಚ್ಚರವಾಗುವುದರೊಳಗೆ ಮನುಷ್ಯ ಕುಸಿದಿರುತ್ತಾನೆ. (ಇದನ್ನು ಓದುತ್ತಿರುವ ಯಾರಾದರೂ ತಿಂಗಳುಗಟ್ಟಲೆ ಇಂಥ ಗುಳಿಗೆ ನುಂಗುತ್ತಿದ್ದರೆ, ಇವತ್ತೇ ಬಿಸಾಕಬೇಡಿ. ಡಾಕ್ಟರ ಹತ್ತಿರ ಹೋಗಿ ಸ್ವಲ್ಪಸ್ವಲ್ಪವೇ ಇಳಿಸಿಕೊಳ್ಳಬೇಕು.) ಅಕ್ಕ ಬದುಕಿದರು. ಗುಳಿಗೆ ಬಿಡಿಸಲು ತಿಂಗಳುಗಳೇ ಹಿಡಿದವು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಸಕ್ಕರೆ ಕಾಯಿಲೆ ಉಳಿದುಕೊಂಡಿದೆ.

ಸಚಿವರೇ, ಸ್ಟೀರಾಯ್ಡ್ ಕೆಟ್ಟದ್ದು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹಾಗೆ ಹೇಳುವವರೂ ಬೇಕಾದಷ್ಟಿದ್ದಾರೆ, ಅವರ ಮಾತು ಕೇಳಿ ಆಸ್ತಮಾದ ಮಕ್ಕಳ ಇನ್‌ಹೇಲರ್ ಕಸಿದುಕೊಂಡ ತಂದೆತಾಯಿಗಳನ್ನೂ ಕಂಡಿದ್ದೇನೆ. ಆಸ್ತಮಾ ಅಂದರೆ ಶ್ವಾಸನಾಳದ ಒಳಗೋಡೆ ಊದಿಕೊಂಡಿರುವುದು. ಆ ಊತ ಇಳಿಸಲು ಸ್ಟೀರಾಯ್ಡಿನಷ್ಟು ಒಳ್ಳೆಯ ಮದ್ದು ಬೇರೆ ಇಲ್ಲ. ಅದನ್ನು ಉಸಿರಿನಲ್ಲಿ ಎಳೆದುಕೊಳ್ಳುವ ದಾರಿ 1970ರ ದಶಕದ ಆರಂಭದಿಂದಲೇ ಜಗತ್ತಿನಲ್ಲಿದೆ. ಒಂದು ಸಲ ಒತ್ತಿದರೆ ಬರುವ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ನೂರೋ ಇನ್ನೂರೋ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಹತ್ತನೇ ಒಂದು, ಐದನೇ ಒಂದು ಪಾಲು. ಹೋಗುವುದು ಬೇಕಾದ ಜಾಗಕ್ಕೆ. ಎಲುಬು, ಕಣ್ಣು, ರಕ್ತದ ಸಕ್ಕರೆ ಇವುಗಳ ತಂಟೆಗೆ ಹೋಗುವುದು ತೀರಾ ಕಡಿಮೆ. ಅದೇ ಕೈಗುಣದವರ ಒಂದು ಇಂಜೆಕ್ಷನ್ನಿನಲ್ಲಿ ಎಂಟು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಇರುತ್ತದೆ; ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ಐವತ್ತು ಮಿಲಿಗ್ರಾಮಿನ ಮೇಲೆ, ಇಡೀ ಮೈಗೆ.

ಜಗತ್ತಿನಲ್ಲಿ ಆಸ್ತಮಾದಿಂದ ಸಾಯುವವರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನ ಭಾರತದವರು ಎಂದು 2019ರ ಜಾಗತಿಕ ರೋಗಭಾರ ಅಧ್ಯಯನದ ಅಂದಾಜು ಹೇಳುತ್ತದೆ. ಆಸ್ತಮಾ ಇರುವವರಲ್ಲಿ ನಮ್ಮ ಪಾಲು ನೂರಕ್ಕೆ ಹದಿಮೂರರಷ್ಟೆ. ಈ ಎರಡು ಅಂಕಿಗಳ ನಡುವಿನ ಕಂದಕದಲ್ಲಿ ಏನೇನಿದೆ ಎಂದು ತಿಳಿಯಬೇಕಾದರೆ ನನ್ನ ಅಂಗಡಿಯಲ್ಲಿ ಒಂದು ದಿನ ಕೂತರೆ ಸಾಕು. ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆ ಎನ್ನುವವರು. ಮಗಳ ಮದುವೆ ಆಗುವವರೆಗೆ ‘ಪಂಪು’ ಯಾರ ಕಣ್ಣಿಗೂ ಬೀಳಬಾರದು ಎಂದು ಕರ್ಚೀಫಿನಲ್ಲಿ ಸುತ್ತಿ ಒಯ್ಯುವವರು. ಸೆಂಟು ಹೊಡೆದಂತೆ ಬಾಯೊಳಗೆ ಪುಸ್ಸೆಂದು ಹೊಡೆದು ನುಂಗಿಬಿಡುವವರು. ಯಂತ್ರದಲ್ಲಿಟ್ಟು ಪುಡಿ ಎಳೆಯಬೇಕಾದ ಕ್ಯಾಪ್ಸೂಲನ್ನು ನೀರಿನ ಜೊತೆ ಗುಟುಕರಿಸಿ, ‘ಏನೂ ಗುಣ ಕಾಣಲಿಲ್ಲ’ ಎಂದು ವಾಪಸು ತಂದ ಯಜಮಾನರೊಬ್ಬರು ನನಗೆ ಇನ್ನೂ ನೆನಪಿದ್ದಾರೆ. ನಕ್ಕಿದ್ದೆ. ಆಮೇಲೆ ನೋಡಿದರೆ, ಅದನ್ನು ಮಾರಿದ ದಿನ ನಾನೂ ಹೇಳಿರಲಿಲ್ಲ, ಬರೆದವರೂ ಹೇಳಿರಲಿಲ್ಲ.

ಮೃಗಶಿರಾ ಮಳೆ ಕೂಡುವ ದಿನ ಕೊಪ್ಪಳ ಜಿಲ್ಲೆಯ ಕುಟುಗನಹಳ್ಳಿಗೆ ಆಸ್ತಮಾ ಔಷಧಿಗೆಂದು ಸಾವಿರಾರು ಜನ ಹೋಗುತ್ತಾರೆ. ಅದೇ ಹೊತ್ತಿಗೆ ಹೈದರಾಬಾದಿನ ಮೀನಿನ ಪ್ರಸಾದಕ್ಕೂ ಹೋಗುತ್ತಾರೆ. ಅವರನ್ನು ಮೂಢರು ಎಂದು ಟಿವಿಯವರು ಹೇಳಿದಾಗ ನನಗೆ ಸಿಟ್ಟು ಬರುತ್ತದೆ. ಒಂದು ರಾತ್ರಿ ನೆಟ್ಟಗೆ ಮಲಗಲು ಸಿಗುವುದಾದರೆ ದಮ್ಮಿನವರು ಎಲ್ಲಿಗೂ ಹೋಗುತ್ತಾರೆ. ಅಲ್ಲಿ ಪುಕ್ಕಟೆ ಕೊಡುತ್ತಾರೆ, ಕರೆದು ಕೂರಿಸಿ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇನ್‌ಹೇಲರ್ ಕೇಳಿದರೆ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಮಾತು. ಹೊರಗೆ ಎಂದರೆ ನನ್ನ ಅಂಗಡಿ. ಅಲ್ಲಿಂದ ಮುಂದಿನದು ಮೇಲೆ ಹೇಳಿದ್ದೇನೆ.

ಇನ್ನು ಆ್ಯಂಟಿಬಯೋಟಿಕ್ಕಿನ ಮಾತು. 2019ರಲ್ಲಿ ದೇಶದ ಖಾಸಗಿ ಅಂಗಡಿಗಳಲ್ಲಿ ಮಾರಾಟವಾದ ಆ್ಯಂಟಿಬಯೋಟಿಕ್ಕುಗಳನ್ನು ಅಳೆದು ನೋಡಿದವರಿಗೆ ಎಲ್ಲಕ್ಕಿಂತ ಮುಂದೆ ಕಂಡದ್ದು ಇದೇ ಅಜಿಥ್ರೊಮೈಸಿನ್ 500. ಅದೊಂದೇ ಒಟ್ಟು ಬಳಕೆಯ ಶೇ 7.6. ಹೋಗುವುದು ಬಹುಪಾಲು ನೆಗಡಿ, ಗಂಟಲು ಕೆರೆತ, ಕೆಮ್ಮಿಗೆ. ಇವುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂಥವು, ಬ್ಯಾಕ್ಟೀರಿಯಾ ಕೊಲ್ಲುವ ಔಷಧಕ್ಕೆ ಅಲ್ಲಿ ಕೆಲಸವೇ ಇಲ್ಲ. ಜನರ ಲೆಕ್ಕದಲ್ಲಿ ಕೆಮ್ಮು ವಾರಕ್ಕೆ ಹೋಗಬೇಕು. ಸಾದಾ ಎದೆ ಶೀತದ ಕೆಮ್ಮು ನಿಜವಾಗಿ ಸರಾಸರಿ ಹದಿನೆಂಟು ದಿನ ಇರುತ್ತದೆ. ಎಂಟನೇ ದಿನ ನನ್ನ ಹತ್ತಿರ ಬರುತ್ತಾರೆ, ಮೂರು ದಿನ ಗುಳಿಗೆ ನುಂಗುತ್ತಾರೆ, ಅಷ್ಟರಲ್ಲಿ ಕೆಮ್ಮು ತಾನಾಗಿಯೇ ಇಳಿಯುವ ಹಾದಿ ಹಿಡಿದಿರುತ್ತದೆ, ಹೆಸರು ಗುಳಿಗೆಗೆ. ಕಫ ಹಸಿರಾಗಿದೆ ಎಂದು ಹೆದರುವವರಿಗೆ ಇತ್ತೀಚೆಗೆ ನಾನೇ ಹೇಳುತ್ತೇನೆ: ಆ ಹಸಿರು ನಿಮ್ಮದೇ ಬಿಳಿ ರಕ್ತಕಣದೊಳಗಿನ ಒಂದು ಕಿಣ್ವದ ಬಣ್ಣ, ವೈರಸ್ಸಿನ ಶೀತದಲ್ಲೂ ಬರುತ್ತದೆ.

ಬೇಕಾದಲ್ಲಿ ಆ್ಯಂಟಿಬಯೋಟಿಕ್ ಅಮೃತವೇ. ನ್ಯುಮೋನಿಯಾ ಆದ ಮಗುವಿಗೆ ಅಮಾಕ್ಸಿಸಿಲಿನ್ ಸಿಗದಿದ್ದರೆ ಮಗು ಉಳಿಯದೆ ಹೋಗಬಹುದು. ನಮ್ಮೂರ ಆಶಾ ಕಾರ್ಯಕರ್ತೆ ನನಗಿಂತ ಚೆನ್ನಾಗಿ ಇದನ್ನು ಬಲ್ಲರು. ಮಗುವಿನ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ ಐವತ್ತು ಮುಟ್ಟಿದರೆ, ಒಂದರಿಂದ ಐದು ವರ್ಷದ ಮಗುವಿಗೆ ನಲವತ್ತು ಮುಟ್ಟಿದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ ಆಸ್ಪತ್ರೆ. ಇಲ್ಲದಿದ್ದರೆ ಬೆಚ್ಚಗೆ ಇಟ್ಟು ಹಾಲು ಕುಡಿಸಿ ಎನ್ನುತ್ತಾರೆ. ಒಂದು ನಿಮಿಷದ ಆ ಎಣಿಕೆಯನ್ನು ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿ ನಾನು ಕಂಡಿಲ್ಲ.

ತಪ್ಪಾದ ಕಡೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು, ಇದೂ ನನ್ನ ಲೆಕ್ಕಕ್ಕೇ. ಗೋವಿನಜೋಳದ ಒಕ್ಕಣೆ ಯಂತ್ರದ ಹಿಂದೆ ತಿರುಗುವ ಒಬ್ಬ ಹುಡುಗ ಕೆಮ್ಮೆಂದು ಬಂದ. ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಐದು ದಿನಕ್ಕೆ ಕೊಟ್ಟೆ. ಕಡಿಮೆಯಾಯಿತು. ತಿಂಗಳು ಬಿಟ್ಟು ಮತ್ತೆ ಬಂದ, ಮತ್ತೆ ಕೊಟ್ಟೆ. ಮೂರನೇ ಸಲ ಅವನ ಅಂಗಿ ಹೆಗಲಿಂದ ಜಾರುತ್ತಿತ್ತು. ಟಿಬಿ. ಲಿವೊಫ್ಲಾಕ್ಸಾಸಿನ್ ಟಿಬಿಯ ರೋಗಾಣುವನ್ನೂ ಅಷ್ಟಿಷ್ಟು ಹೊಡೆಯುತ್ತದೆ, ಕೊಲ್ಲುವಷ್ಟಲ್ಲ. ರೋಗ ಮುಖ ಮುಚ್ಚಿಕೊಳ್ಳುತ್ತದೆ, ಔಷಧಕ್ಕೆ ಬಗ್ಗದಿರುವುದನ್ನು ಕಲಿಯುತ್ತದೆ. ಔಷಧ ನಿರೋಧಕ ಟಿಬಿಗೆ ಕಾದಿಟ್ಟ ಗುಳಿಗೆ ಅದು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಎಂದು ಪಿಎಚ್‌ಸಿಯ ಗೋಡೆಯ ಮೇಲೆ ಬರೆದದ್ದು ನನ್ನ ಅಂಗಡಿಯಿಂದ ಓದಲು ಬರುವಷ್ಟು ಹತ್ತಿರ ಇತ್ತು.

ಕೋವಿಡ್ ಕಾಲದಲ್ಲಿ ಇಡೀ ರಾಜ್ಯವೇ ನನ್ನ ಅಂಗಡಿಯಂತಾಗಿತ್ತು. ಆಕ್ಸಿಜನ್ ಬೇಕಾದವರಲ್ಲಿ ಡೆಕ್ಸಾಮೆಥಾಸೋನ್ ಸಾವು ತಗ್ಗಿಸುತ್ತದೆ, ಬೇಡದವರಿಗೆ ಲಾಭವಿಲ್ಲ ಎಂದು ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಜೂನಿನಲ್ಲಿ ತೋರಿಸಿತು. ಮೊದಲರ್ಧ ಎಲ್ಲರಿಗೂ ಕೇಳಿಸಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ವಾಟ್ಸ್ಆ್ಯಪಿನಲ್ಲಿ ಓಡಾಡಿದ ಒಂದೇ ಚೀಟಿ ತೋರಿಸಿ ಜ್ವರದ ಮೊದಲ ದಿನವೇ ಸ್ಟೀರಾಯ್ಡ್ ಒಯ್ದವರು ಎಷ್ಟೋ ಜನ. ಅದರ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು, ಸಕ್ಕರೆ ಏರಿದ್ದವರ ಕಣ್ಣು, ದವಡೆ ತೆಗೆದುಕೊಂಡು ಹೋಯಿತು. ಅದನ್ನು ನಿಮ್ಮ ಇಲಾಖೆಯವರಿಗೆ ನಾನು ನೆನಪಿಸಬೇಕಿಲ್ಲ.

ಈಗ ಕೇಳಬೇಕಾದ್ದು. ಅಂಗಡಿಗಳ ಮೇಲೆ ದಾಳಿ ಮಾಡಿಸಿ, ಬೇಡ ಎನ್ನುವುದಿಲ್ಲ. 2014ರ ಮಾರ್ಚಿನಿಂದ, ಚೀಟಿ ಇಲ್ಲದೆ ಮಾರಬಾರದ ಎಚ್1 ಎಂಬ ಪಟ್ಟಿಯ ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು: ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು, ಎಷ್ಟು ಕೊಟ್ಟೆವು, ಮೂರು ವರ್ಷ ಕಾಪಾಡಬೇಕು. ಆ ಹುಡುಗನಿಗೆ ಕೊಟ್ಟ ಲಿವೊಫ್ಲಾಕ್ಸಾಸಿನ್ ಆ ಪಟ್ಟಿಯದೇ. ನನ್ನ ರಿಜಿಸ್ಟರಿನಲ್ಲಿ ಅವನ ಹೆಸರಿಲ್ಲ. ಅತಿ ಹೆಚ್ಚು ಓಡುವ ಅಜಿಥ್ರೊಮೈಸಿನ್ 2014ರ ಆ ಪಟ್ಟಿಯಲ್ಲೇ ಇರಲಿಲ್ಲ. ರಿಜಿಸ್ಟರ್ ತೆರೆದು ನೋಡುವವರು ಬಂದರೆ ನನ್ನಂಥವರು ನೆಟ್ಟಗಾಗುತ್ತೇವೆ. ಕೇರಳದವರು 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಎಂದು ಹೊರಟು ಅದನ್ನೇ ಮಾಡಿದರು.

ಆದರೆ ಅದೇ ಕೇರಳ ಇನ್ನೊಂದನ್ನೂ ಮಾಡಿದೆ, ನಮ್ಮಲ್ಲಿ ಅದರ ಸುದ್ದಿಯೇ ಕಡಿಮೆ. ಅಲ್ಲಿನ ಊರ ಆರೋಗ್ಯ ಕೇಂದ್ರಗಳಲ್ಲಿ ಆಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗುತ್ತಾ ಹೋಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆಂದೇ ‘ಶ್ವಾಸ್’ ಕ್ಲಿನಿಕ್‌ಗಳಿವೆ. ಊದಿಸಿ ಶ್ವಾಸಕೋಶದ ಬಲ ಅಳೆಯುತ್ತಾರೆ, ಇನ್‌ಹೇಲರ್ ಕೊಡುತ್ತಾರೆ, ಎಳೆಯುವುದು ಹೇಗೆಂದು ಕಲಿಸುತ್ತಾರೆ. ನನಗೆ ಬೇಕಾದ್ದು ಅದು. ಬುಡೆಸೊನೈಡ್, ಬುಡೆಸೊನೈಡ್ ಜೊತೆ ಫಾರ್ಮೊಟೆರಾಲ್, ಟಿಯೊಟ್ರೋಪಿಯಂ, ಈ ಇನ್‌ಹೇಲರ್ ಔಷಧಗಳೆಲ್ಲ 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇವೆ. ಬಿಪಿ ಗುಳಿಗೆ, ಸಕ್ಕರೆ ಗುಳಿಗೆ ಪಿಎಚ್‌ಸಿಯಲ್ಲಿ ಸಿಗುವಂತೆ ಇವೂ ವರ್ಷದ ಹನ್ನೆರಡು ತಿಂಗಳೂ ಸಿಗಬೇಕು. ಸುಗ್ಗಿಯಲ್ಲಿ ಖಾಲಿಯಾಗಿ ಮಳೆಗಾಲದಲ್ಲಿ ಬಂದರೆ ಏನೂ ಪ್ರಯೋಜನವಿಲ್ಲ. ಸಣ್ಣ ಬಿಳಿ ಗುಳಿಗೆ ಗೆದ್ದಿರುವುದು ಅಗ್ಗ ಮತ್ತು ಹತ್ತಿರ ಎಂಬ ಎರಡೇ ಕಾರಣಕ್ಕೆ. ಇನ್‌ಹೇಲರನ್ನು ಅದಕ್ಕಿಂತ ಅಗ್ಗ, ಅದಕ್ಕಿಂತ ಹತ್ತಿರ ಮಾಡದೆ ಗುಳಿಗೆಯನ್ನಷ್ಟೇ ಕಸಿದುಕೊಂಡರೆ ನಮ್ಮ ಅಕ್ಕನಂಥವರು ಆ ರಾತ್ರಿಯನ್ನು ಹೇಗೆ ಕಳೆಯಬೇಕು?

ಚೀಟಿಯ ಬಗ್ಗೆಯೂ ಒಂದು ಮಾತು. ಆ್ಯಂಟಿಬಯೋಟಿಕ್ ಬರೆಯುವಾಗ ಯಾಕೆ ಬರೆದೆವೆಂದು ಚೀಟಿಯಲ್ಲೇ ನಮೂದಿಸಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲಿ ವೈದ್ಯಕೀಯ ಕಾಲೇಜುಗಳ ಡಾಕ್ಟರುಗಳಿಗೆ ಪತ್ರ ಬರೆದಿದ್ದರು. ನಮ್ಮಲ್ಲಿ ಅದು ಹೋಬಳಿ ಕ್ಲಿನಿಕ್ಕಿಗೂ ಬರಲಿ, ಸ್ಟೀರಾಯ್ಡಿಗೂ ಅನ್ವಯವಾಗಲಿ. ಜೊತೆಗೆ ಎಷ್ಟು ದಿನ ಎಂಬುದನ್ನು ಕನ್ನಡದಲ್ಲಿ, ಅಕ್ಷರದಲ್ಲಿ ಬರೆಯಲಿ. ‘ಐದು ದಿನ ಮಾತ್ರ’ ಎಂದು ಆ ಚೀಟಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಇದ್ದಿದ್ದರೆ ನನಗೂ ಕತ್ತರಿ ಎತ್ತಲು ಸ್ವಲ್ಪ ಭಾರವಾಗುತ್ತಿತ್ತು ಅನಿಸುತ್ತದೆ. ಖಚಿತವಾಗಿ ಹೇಳಲಾರೆ, ಆ ದಿನಗಳಲ್ಲಿ ನನಗೆ ವ್ಯಾಪಾರವೂ ಬೇಕಿತ್ತು.

ಈಗ ಸಂಜೆ ಹೊತ್ತು ಅಂಗಡಿಯಲ್ಲಿ ನಾನೊಂದು ಹೊಸ ಕೆಲಸ ಮಾಡುತ್ತೇನೆ. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ತಳಕ್ಕೆ ಕಾಯಿಸಿದ ತಂತಿಯಿಂದ ಇನ್‌ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡುತ್ತೇನೆ. ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆಗೆ ಸ್ಪೇಸರ್ ಎನ್ನುತ್ತಾರೆ; ಅಂಗಡಿಯ ಸ್ಪೇಸರಿಗೆ ದುಡ್ಡಿಲ್ಲದವರಿಗೆ ಈ ಬಾಟಲಿಯೇ ಸ್ಪೇಸರ್. ದಕ್ಷಿಣ ಆಫ್ರಿಕಾದ ಡಾಕ್ಟರುಗಳು ಆಸ್ತಮಾದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ಅಂಗಡಿಯದಕ್ಕೆ ಸಮ ಎಂದು 1999ರಲ್ಲೇ ಕಂಡುಕೊಂಡಿದ್ದಾರೆ. ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಗೆ ಬಿಟ್ಟು, ಬಾಟಲಿಯ ಬಾಯಿಗೆ ಬಾಯಿ ಇಟ್ಟು, ಒಂದು ಸಲ ಒತ್ತಿ, ನಿಧಾನ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಕೊನೆಗೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ನಾಲಿಗೆಗೆ ಬಿಳಿ ಅಗ್ರ ಕಟ್ಟುತ್ತದೆ. ಅಕ್ಕನಿಗೆ ಕಲಿಸಲು ನಾಲ್ಕು ಸಂಜೆ ಹಿಡಿಯಿತು. ಈಗ ಅವರೇ ಗೋದಾಮಿನಿಂದ ಇನ್ನಿಬ್ಬರನ್ನು ಕರೆತಂದಿದ್ದಾರೆ. ಇಬ್ಬರ ಹತ್ತಿರವೂ ಇನ್‌ಹೇಲರಿಗೆ ದುಡ್ಡಿಲ್ಲ. ಬಾಟಲಿಗಳು ಮಾತ್ರ ತಯಾರಿವೆ, ಕೌಂಟರಿನ ಕೆಳಗೆ ಇಟ್ಟಿದ್ದೇನೆ. ಪಿಎಚ್‌ಸಿಗೆ ಸ್ಟಾಕ್ ಯಾವಾಗ ಬರುತ್ತದೆ ಎಂದು ಯಾರಿಂದಲಾದರೂ ಒಂದು ಸಾಲು ಬರೆಸಿ. ಇವರನ್ನು ಅಲ್ಲಿಗೆ ಕಳಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಮೆಡಿಕಲ್ ಅಂಗಡಿಯವನು